ಇಳಿದ ದಿನದ ತಾರೀಕು

ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಮೂರು ದಿನವಾಗಿತ್ತು. ಹೊನ್ನಾವರದ ದಕ್ಕೆಯಲ್ಲಿ ಬೋಟುಗಳನ್ನೆಲ್ಲ ಕಟ್ಟಿಹಾಕಿದ್ದರು. ಬೋಟು ಹೋಗದಿದ್ದರೆ ಟ್ರಿಪ್ ಪುಸ್ತಕ ಬರೆಯುವ ನನಗೂ ಕೆಲಸವಿಲ್ಲ. ಅದೇ ಹೊತ್ತು ನೋಡಿಕೊಂಡು ನನ್ನ ತಮ್ಮ ನಾಲ್ಕು ದಪ್ಪ ಪುಸ್ತಕಗಳನ್ನು ತಂದು ನನ್ನ ಮುಂದೆ ಇಟ್ಟ.

"ಅಕ್ಕಾ, ನಿನ್ನ ಅಕ್ಷರ ಬೇಕಾಗಿತ್ತು."

"ನನ್ನ ಅಕ್ಷರ ತಕಂಡು ಎಂತಾ ಮಾಡ್ತಿ? ಉಪ್ಪು ಹಾಕಿ ಒಣಗಸ್ತ್ಯಾ?"

ಅವನು ವಾಯುಪಡೆಯಲ್ಲಿ ಸಾಮಾನು ಸಾಗಿಸುವ ವಿಮಾನ ಹಾರಿಸುತ್ತಿದ್ದವ. ಸೇವೆಯಿಂದ ಬಿಡುಗಡೆಗೆ ಒಪ್ಪಿಗೆ ಸಿಕ್ಕಿ, ಕೊನೆಯ ರಜೆಯ ಮೇಲೆ ಮನೆಗೆ ಬಂದಿದ್ದ. ಆಗ ಹೊಸ ವಿಮಾನ ಕಂಪನಿಗಳು ಒಂದರ ಹಿಂದೊಂದು ಶುರುವಾಗುತ್ತಿದ್ದ ಕಾಲ. ಒಂದು ಕಂಪನಿ ಅವನಿಗೆ ಪತ್ರ ಕೊಟ್ಟಿತ್ತು: ಡಿಸೆಂಬರ್ ಒಳಗೆ ಏರ್‌ಲೈನ್ ಪೈಲಟ್ ಲೈಸೆನ್ಸ್ ತೋರಿಸಿದರೆ ಕ್ಯಾಪ್ಟನ್ ತರಬೇತಿಯ ಮೊದಲ ತಂಡದಲ್ಲಿ ಜಾಗ. ಇಲ್ಲದಿದ್ದರೆ ಇಲ್ಲ.

"ಹದಿನೇಳು ವರ್ಷ ಹಾರ್ಸಿದ್ದಿ. ಇನ್ನೆಂತಾ ಲೈಸೆನ್ಸು?"

"ಅದು ಸರ್ಕಾರದ ವಿಮಾನ. ಸರ್ಕಾರ ತನ್ನ ಹತ್ರ ತಾನೇ ಲೈಸೆನ್ಸ್ ಕೇಳೂದಿಲ್ಲ."

ಸೈನ್ಯದಿಂದ ಬಂದವನಿಗೆ ಎರಡು ದಾರಿ ಇದೆ ಎಂದು ಅವನು ವಿವರಿಸಿದ. ಒಂದು, ಮೊದಲು ಚಿಕ್ಕ ಲೈಸೆನ್ಸ್ ತೆಗೆದುಕೊಂಡು ಸಹಪೈಲಟ್ ಆಗಿ ಸೇರಿ, ಆಮೇಲೆ ದೊಡ್ಡದಕ್ಕೆ ಕಾಯುವುದು. ಅದರ ಕಾಗದ ಸುಲಭ. ಆದರೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ತನಗಿಂತ ಹತ್ತು ವರ್ಷ ಚಿಕ್ಕವರ ಬಲಗಡೆ ಕೂರಬೇಕು. ಇನ್ನೊಂದು, ಸೈನ್ಯದಲ್ಲಿ ಹಾರಿಸಿದ ಗಂಟೆಗಳನ್ನೇ ಸಾಬೀತು ಮಾಡಿ ನೇರವಾಗಿ ದೊಡ್ಡ ಲೈಸೆನ್ಸಿಗೆ ಹೋಗುವುದು. ಅದಕ್ಕೆ ಪರೀಕ್ಷೆಗಳಿವೆ, ವೈದ್ಯಕೀಯ ತಪಾಸಣೆ ಇದೆ, ರೇಡಿಯೊದಲ್ಲಿ ಮಾತಾಡಲು ಬೇರೆಯದೇ ಲೈಸೆನ್ಸ್ ಇದೆ. ಎಲ್ಲಕ್ಕಿಂತ ದೊಡ್ಡ ತಲೆಬೇನೆ ಈ ಪುಸ್ತಕಗಳು. ಪ್ರತಿಯೊಂದು ಹಾರಾಟವನ್ನೂ ಸೈನ್ಯದ ಪುಸ್ತಕದಿಂದ ನಾಗರಿಕ ಪುಸ್ತಕಕ್ಕೆ ಇಳಿಸಬೇಕು. ಅಲ್ಲಿಯ ಅಂಕಣ ಬೇರೆ, ಇಲ್ಲಿಯ ಅಂಕಣ ಬೇರೆ.

ಒಟ್ಟು ಸಾವಿರದ ಐನೂರು ಗಂಟೆ ಬೇಕು. ಅವನ ಹತ್ತಿರ ಅದರ ಎರಡು ಪಟ್ಟಿಗೂ ಹೆಚ್ಚಿತ್ತು. ಕಷ್ಟ ಇದ್ದದ್ದು ರಾತ್ರಿಯ ಗಂಟೆಗಳಲ್ಲಿ. ನೂರು ಬೇಕು. ಅವನು ಬಹಳ ವರ್ಷ ಹಿಮದ ಗುಡ್ಡಗಳ ಆಚೆಯ ವಿಮಾನ ಇಳಿಯುವ ಪಟ್ಟಿಗಳಿಗೆ ಸಾಮಾನು ಇಳಿಸಿದವ. ಮಧ್ಯಾಹ್ನ ಗಾಳಿ ಏಳುವ ಮೊದಲೇ ಅಲ್ಲಿಂದ ಹೊರಟು ಬರಬೇಕಂತೆ. ರಾತ್ರಿ ಅಲ್ಲಿ ಇಳಿಯುವ ಮಾತೇ ಇಲ್ಲ. ಹಾಗಾಗಿ ಹದಿನೇಳು ವರ್ಷಕ್ಕೆ ಸೇರಿದ ರಾತ್ರಿ ಹಾರಾಟ ನೂರ ಎಂಟು ಗಂಟೆ ಇಪ್ಪತ್ತೈದು ನಿಮಿಷ.

"ಎಂಟು ಗಂಟೆ ಮೇಲದೆ. ಸಾಕಲ್ದಾ?" ಎಂದೆ.

"ಸಾಕು. ಆದ್ರೆ ಒಂದು ಸಾಲೂ ಬಿದ್ದು ಹೋಗೂಕಿಲ್ಲ, ಅಕ್ಕಾ."

ಅವನು ಪರೀಕ್ಷೆಯ ತಯಾರಿಗೆಂದು ಮುಂಬೈಗೆ ಹೋದ. ನಾನು ಕೂತೆ.

ನಾನು ಏಳನೇ ಇಯತ್ತೆಯವರೆಗೆ ಓದಿದವಳು. ಇಂಗ್ಲಿಷ್ ಅರ್ಥವಾಗುವುದಿಲ್ಲ, ಆದರೆ ನೋಡಿ ಬರೆಯಲು ಬರುತ್ತದೆ. ಬೋಟುಗಳ ನೋಂದಣಿ ನಂಬರು ಬರೆದು ಕೈ ಪಳಗಿತ್ತು. ತಾರೀಕು, ವಿಮಾನದ ನಂಬರು, ಎಲ್ಲಿಂದ ಎಲ್ಲಿಗೆ, ಎದ್ದ ವೇಳೆ, ಇಳಿದ ವೇಳೆ, ಹಗಲು, ರಾತ್ರಿ. ಯಾವ ಅಂಕಣ ಯಾವುದಕ್ಕೆ ಹೋಗಬೇಕೆಂದು ಅವನು ಒಂದು ಹಾಳೆಯಲ್ಲಿ ಬಾಣ ಹಾಕಿ ಕೊಟ್ಟಿದ್ದ. ಆ ಬಾಣಗಳನ್ನು ನೋಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅರ್ಧ ಬಾಣಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿದ್ದವು. ಸಂಶಯ ಬಂದಾಗಲೆಲ್ಲ ಅವನ ಹಾಸ್ಟೆಲ್ಲಿಗೆ ಫೋನು ಮಾಡಬೇಕು. ಅಲ್ಲಿ ಯಾರೋ ಎತ್ತಿ "ಹೋಲ್ಡ್" ಎಂದು ಹೇಳಿ ಹೋದವರು ಬರುವುದೇ ಇಲ್ಲ.

ಒಂದು ವಾರದ ಮೇಲೆ ಅವನು ಒಮ್ಮೆ ಬಂದು ನೋಡಿದ. ನಸುಕಿನಲ್ಲಿ ಎದ್ದ ವಿಮಾನ ಸೂರ್ಯ ಹುಟ್ಟುವುದಕ್ಕೆ ಇಪ್ಪತ್ತು ನಿಮಿಷ ಮೊದಲಿನವರೆಗೆ ರಾತ್ರಿಯ ಲೆಕ್ಕ, ಆಮೇಲೆ ಹಗಲಿನದು. ನಾನು ಗೋಡೆಯ ಪಂಚಾಂಗ ನೋಡಿ ಅದನ್ನು ಪಾಲು ಮಾಡಿದ್ದೆ. ಅವನು ತಲೆಗೆ ಕೈಯಿಟ್ಟುಕೊಂಡು ನಕ್ಕ.

"ಅಕ್ಕಾ, ಇದು ಹೊನ್ನಾವರದ ಸೂರ್ಯ. ನಾ ಹಾರ್ಸದ್ದು ಚಂಡೀಗಡದಲ್ಲಿ."

"ಸೂರ್ಯ ಎಷ್ಟು ಅವೆ ನಿಂಗೆ?"

ಆ ಪುಟಗಳನ್ನು ಮತ್ತೆ ಬರೆದೆ. ಅಷ್ಟಾದ ಮೇಲೆ ಅವನು ನನ್ನ ಕೆಲಸ ನೋಡಲಿಲ್ಲ. ನಾನು ಅಷ್ಟು ಹುಷಾರಾಗಿದ್ದೇನೆ ಎಂದುಕೊಂಡ.

ಈಗ ನಾನು ಮಾಡಿದ್ದು ಹೇಳಬೇಕು. ನಮ್ಮ ದಕ್ಕೆಯಲ್ಲಿ ಬೋಟು ಹೊರಟದ್ದನ್ನು ಬರೆಯುವುದಿಲ್ಲ. ಸೋಮವಾರ ಸಂಜೆ ಹೊರಟು ಮಂಗಳವಾರ ಬೆಳಿಗ್ಗೆ ಬಂದ ಬೋಟಿಗೆ ಮಂಗಳವಾರದ ತಾರೀಕು ಬೀಳುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಬೋಟು ಅಳಿವೆ ದಾಟುವುದನ್ನು ನೋಡಿ ಅದರ ಹೆಸರು ಬರೆಯಲು ಹೋಗಿದ್ದೆ. ಬೋಟಿನ ಮುಖಂಡ, ನಾವು ತಾಂಡೇಲ ಎನ್ನುತ್ತೇವೆ, ಪೆನ್ನಿನ ಮೇಲೆ ಕೈಯಿಟ್ಟು ತಡೆದಿದ್ದ.

"ಬಾಯೀ, ಹೋದದ್ದು ಬರೀಬೇಡ. ಬಂದದ್ದು ಬರಿ. ದಡ ಮುಟ್ಟೂಕೆ ಮುಂಚೆ ಪುಸ್ತಕದಲ್ಲಿ ಹೆಸ್ರು ಹಾಕ್ರೆ ಸಮುದ್ರಕ್ಕೆ ಗೊತ್ತಾಗ್ತದೆ."

ಹದಿನೆಂಟು ವರ್ಷ ಹಾಗೇ ಬರೆದೆ. ತಮ್ಮನ ಮೂರನೇ ಪುಸ್ತಕದಲ್ಲಿ ಒಂದು ಸಾಲು ಬಂತು: ಹದಿನಾಲ್ಕನೇ ತಾರೀಕು, ಎದ್ದದ್ದು ಇಪ್ಪತ್ಮೂರು ಇಪ್ಪತ್ತು, ಇಳಿದದ್ದು ಒಂದು ಗಂಟೆ. ಇಳಿದದ್ದು ಹದಿನೈದಕ್ಕಲ್ಲವೇ? ಸೈನ್ಯದಲ್ಲಿ ಯಾರೋ ನಿದ್ದೆಗಣ್ಣಲ್ಲಿ ಬರೆದಿದ್ದಾರೆ ಎಂದುಕೊಂಡು ಹದಿನೈದು ಎಂದು ಹಾಕಿದೆ. ಅಂಥವು ಮುಂದೆಯೂ ಬಂದವು. ಒಟ್ಟು ಹನ್ನೊಂದು. ಹನ್ನೊಂದನ್ನೂ ತಿದ್ದಿದೆ. ದಕ್ಕೆಯ ರೂಢಿಯಂತೆ ನಕಲಿಗೆ ಮುಂಚೆ ಬರೆದುಕೊಳ್ಳುತ್ತಿದ್ದ ನನ್ನ ಕಚ್ಚಾ ಪುಸ್ತಕದಲ್ಲಿ ಮೊದಲು ಇದ್ದ ತಾರೀಕು ಬರೆದು, ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದೆ. ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಸೂರ್ಯನ ವಿಷಯದಲ್ಲಿ ನಕ್ಕಿದ್ದ. ಈ ಸಲ ನಾನು ಅವರ ತಪ್ಪು ಹಿಡಿದಿದ್ದೇನೆ ಎಂಬ ಜಂಬ ಇತ್ತು.

ಪುಸ್ತಕದ ಕೊನೆಯಲ್ಲಿ ಒಂದು ಘೋಷಣೆ ಇತ್ತು. "ಮೇಲಿನ ಎಲ್ಲ ನಮೂದುಗಳನ್ನು ನಾನೇ ಮಾಡಿದ್ದು, ಮೂಲದೊಂದಿಗೆ ತಾಳೆ ನೋಡಿದ್ದೇನೆ." ಮುಂಬೈಯಿಂದ ಬಂದವನೇ ಅವನು ಒಂದೇ ಸಮನೆ ಸಹಿ ಹಾಕಿದ. ಅವನ ಹಳೆಯ ಘಟಕದ ಅಧಿಕಾರಿ ಅಲ್ಲೊಂದು ಇಲ್ಲೊಂದು ಸಾಲು ನೋಡಿ ಪ್ರತಿ ಪುಟಕ್ಕೂ ಮುದ್ರೆ ಒತ್ತಿದರು. ಘಟಕದ ದಾಖಲೆ ಗುಮಾಸ್ತ ತಿಂಗಳುವಾರು ಗಂಟೆಗಳ ಪಟ್ಟಿಯನ್ನು ಬೇರೆಯಾಗಿ ತಯಾರಿಸಿ ಕೊಟ್ಟ. ನಾಲ್ಕು ಮೂಲ ಪುಸ್ತಕ, ನನ್ನ ನಕಲು, ಗುಮಾಸ್ತನ ಪಟ್ಟಿ, ಎಲ್ಲವೂ ದೆಹಲಿಯ ಲೈಸೆನ್ಸ್ ಕಚೇರಿಗೆ ಹೋದವು.

ಮೊದಲ ಸಲ ವಾಪಸ್ ಬಂದದ್ದು ಫೋಟೋದ ಹಿನ್ನೆಲೆ ಬಿಳಿ ಇಲ್ಲವೆಂದು. ಎರಡನೇ ಸಲ ಹುಟ್ಟಿದ ತಾರೀಕಿನ ದಾಖಲೆ ಕನ್ನಡದಲ್ಲಿದೆಯೆಂದು. ಭಟ್ಕಳಕ್ಕೆ ಹೋಗಿ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತಂದೆವು. ಪ್ರತಿ ಸಲವೂ ಒಂದೇ ಆಕ್ಷೇಪ ಬರೆಯುತ್ತಾರೆ. ಎಲ್ಲವನ್ನೂ ಒಟ್ಟಿಗೇ ಬರೆದರೆ ಅವರ ಕೈ ಸವೆದು ಹೋಗುತ್ತದೆಯೇ? ಸೆಪ್ಟೆಂಬರಿನಲ್ಲಿ ಮೂರನೇ ಪತ್ರ ಬಂತು. ತಮ್ಮ ಅದನ್ನು ಅಂಗಳದಲ್ಲಿ ನಿಂತು ಓದಿದ. ಓದಿ ಮುಗಿಸಿದ ಮೇಲೂ ಕಾಗದದಿಂದ ಕಣ್ಣು ತೆಗೆಯಲಿಲ್ಲ.

ಆದದ್ದು ಇಷ್ಟು: ಎರಡು ಬೇರೆ ಬೇರೆ ತಿಂಗಳುಗಳ ಕೊನೆಯ ದಿನದ ರಾತ್ರಿ ಹಾರಾಟಗಳು ನನ್ನ ತಿದ್ದುಪಡಿಯಿಂದ ಮುಂದಿನ ತಿಂಗಳಿಗೆ ಹಾರಿದ್ದವು. ಗುಮಾಸ್ತನ ತಿಂಗಳುವಾರು ಪಟ್ಟಿಗೆ ಅವು ಹೊಂದಲಿಲ್ಲ. ಅದರಿಂದ ಸಂಶಯ ಬಂದ ಕಚೇರಿಯವರು ಘಟಕದಿಂದ ದಿನವಾರು ವಿವರ ತರಿಸಿ ನೋಡಿ, ಹನ್ನೊಂದು ಸಾಲು ಹೊಂದುವುದಿಲ್ಲವೆಂದು ಕಂಡುಹಿಡಿದಿದ್ದರು. ಆ ಹನ್ನೊಂದರ ಹದಿನೇಳು ಗಂಟೆ ನಲವತ್ತು ನಿಮಿಷ ತೆಗೆದುಹಾಕಿದರೆ ರಾತ್ರಿಯದು ತೊಂಬತ್ತು ಮುಕ್ಕಾಲು ಗಂಟೆ. ನೂರಕ್ಕೆ ಮುಟ್ಟುವುದಿಲ್ಲ. ಜೊತೆಗೆ ಒಂದು ವಾಕ್ಯ: ದಾಖಲೆ ತಿದ್ದಿದ ಬಗ್ಗೆ ಏಕೆ ಕ್ರಮ ಕೈಗೊಳ್ಳಬಾರದು, ಸಮಜಾಯಿಷಿ ಕೊಡಿ.

ಅವನು ದೆಹಲಿಗೆ ಫೋನು ಮಾಡಿದ. ನಾಲ್ಕು ದಿನ ಸಾಹೇಬರು ಸೀಟಿನಲ್ಲಿರಲಿಲ್ಲ. ಐದನೇ ದಿನ ಸಿಕ್ಕವರ ಹತ್ತಿರ ಅವನು ಕೂಗಾಡಿದ್ದು ಪಕ್ಕದ ಮನೆಗೂ ಕೇಳಿತ್ತು. ಮೂಲ ಪುಸ್ತಕ ನಿಮ್ಮ ಕಪಾಟಿನಲ್ಲೇ ಇದೆ, ತೆಗೆದು ನೋಡಿ ಎಂದರೆ, ತೆಗೆದು ನೋಡುವುದು ನಮ್ಮ ಕೆಲಸವಲ್ಲ, ಸಮಜಾಯಿಷಿ ಕೊಡುವುದು ನಿಮ್ಮ ಕೆಲಸ ಎಂದರಂತೆ.

ಫೋನು ಇಟ್ಟು ನನ್ನ ಕಡೆ ತಿರುಗಿದ.

"ಅಕ್ಕಾ, ನೀ ಇದ್ದ ಹಾಗೇ ಬರ್ದದ್ದು ಅಲ್ದಾ?"

ನನಗೆ ಆಗಲೇ ಗೊತ್ತಾಗಿತ್ತು. ಹನ್ನೊಂದು ಎಂಬ ಸಂಖ್ಯೆ ಕೇಳಿದಾಗಲೇ ಗೊತ್ತಾಗಿತ್ತು.

"ಇದ್ದ ಹಾಗೇ ಬರ್ದಿದ್ದೆ ಮಾರಾಯ. ನಂಗೆಂತಾ ಹುಚ್ಚಾ?"

"ನಿನ್ನ ಅಲ್ಲ ಹೇಳೂದು. ಆ ಗುಮಾಸ್ತ. ಅವ್ನೇ ಪಟ್ಟಿಯಲ್ಲಿ ಹಾಳು ಮಾಡಿಟ್ಟಿದ್ದಾನೆ."

ಆ ದಿನವೇ ಅವನು ಘಟಕಕ್ಕೆ ದೂರು ಬರೆದ. ನಾನೇ ಲಕೋಟೆಗೆ ಅಂಟು ಹಚ್ಚಿ, ಪೋಸ್ಟಿಗೆ ಹಾಕಿ ಬಂದೆ.

ಅಕ್ಟೋಬರಿನಲ್ಲಿ ಬೋಟುಗಳು ಓಡುತ್ತಿದ್ದವು. ನಾನು ಮಧ್ಯಾಹ್ನ ಊಟಕ್ಕೆ ಬಂದಾಗ ಫೋನು ಹೊಡೆದುಕೊಂಡಿತು. ತಮ್ಮ ಮನೆಯಲ್ಲಿರಲಿಲ್ಲ. ಆ ಕಡೆ ಹಿಂದಿ. ನನಗೆ ಹರಕು ಮುರುಕು ಬರುತ್ತದೆ. ಅವನು ಆ ಗುಮಾಸ್ತ. ದಾಖಲೆ ವಿಭಾಗದಿಂದ ತನ್ನನ್ನು ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ, ವಿಚಾರಣೆ ಇಟ್ಟಿದ್ದಾರೆ ಎಂದ. ಸಿಟ್ಟಿನಲ್ಲಿ ಮಾತಾಡಿದ್ದರೆ ನಾನೂ ಬೈದು ಇಡುತ್ತಿದ್ದೆ. ಅವನು ಮೆಲ್ಲಗೆ ಹೇಳಿದ.

"ಬೆಹನ್‌ಜೀ, ಸಾಹೇಬರಿಗೆ ಹೇಳಿ. ನಾನು ಮೂರು ಸಲ ನೋಡಿ ಬರೆದದ್ದು. ಅವರು ಒಳ್ಳೆಯವರು, ಅವರಿಗೆ ಯಾರೋ ತಪ್ಪು ಹೇಳಿರಬೇಕು."

"ಹೇಳ್ತೆ" ಎಂದು ಫೋನು ಇಟ್ಟೆ.

ಮೂರು ದಿನ ಹೇಳಲಿಲ್ಲ. ತಮ್ಮ ಊಟಕ್ಕೆ ಕೂತಾಗ ಹೇಳಬೇಕೆಂದುಕೊಂಡು ಇನ್ನೊಂದು ತುಂಡು ಮೀನು ಬಡಿಸಿದೆ. ಅವನ ಗೆಳೆಯನೊಬ್ಬ ಆ ವಾರ ಸಲಹೆ ಕೊಟ್ಟಿದ್ದ: ದೊಡ್ಡ ಲೈಸೆನ್ಸ್ ಬಿಟ್ಟುಬಿಡು, ಚಿಕ್ಕದಕ್ಕೆ ಅರ್ಜಿ ಹಾಕು, ಅದಕ್ಕೆ ಇಷ್ಟು ರಾತ್ರಿ ಗಂಟೆ ಬೇಡ, ಈ ಗಲಾಟೆಯೂ ತಣ್ಣಗಾಗುತ್ತದೆ. ಅವನು ಆ ಕಡೆಗೇ ವಾಲಿದ್ದ. ನನಗೆ ಒಳಗಿಂದೊಳಗೇ ಹಾಯೆನಿಸಿದ್ದನ್ನು ಮುಚ್ಚಿಡುವುದಿಲ್ಲ. ಅವನು ಚಿಕ್ಕ ದಾರಿ ಹಿಡಿದರೆ ನನ್ನ ಹನ್ನೊಂದು ಸಾಲು ಯಾರೂ ಕೇಳುವುದಿಲ್ಲ. ಅವನು ಜೀವಮಾನವೆಲ್ಲ ಯಾರದೋ ಬಲಗಡೆ ಕೂತರೆ ಕೂರಲಿ, ಗುಮಾಸ್ತ ಉಗ್ರಾಣದಲ್ಲಿದ್ದರೆ ಇರಲಿ.

ನಾಲ್ಕನೇ ದಿನ ದಕ್ಕೆಯಲ್ಲಿ ಅದೇ ಹಳೆಯ ತಾಂಡೇಲ ನನ್ನ ಪುಸ್ತಕ ನೋಡಿ ಕರೆದ.

"ಬಾಯೀ, ಇದೆಂತಾ ಬರ್ದಿ? ನಮ್ದು ನಿನ್ನೆ ಬಂದದ್ದಾ? ಇವತ್ತಲ್ದಾ ಬಂದದ್ದು?"

ನೋಡಿದರೆ ಒಂದು ತಾರೀಕು ತಪ್ಪಿತ್ತು. "ತಪ್ಪಾತು, ತಿದ್ದಿ ಕೊಡ್ತೆ" ಎಂದೆ. ಅವನು "ಆತು" ಎಂದು ಬೀಡಿ ಹಚ್ಚಿಕೊಂಡು ಹೋದ. ಮುಗಿಯಿತು. ಅಷ್ಟೇ ಆಗಿತ್ತು ಆ ಮಾತು ಹೇಳುವುದು. ಗೆರೆ ಎಳೆದು ಸರಿ ಮಾಡಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಪುಸ್ತಕ ಮುಚ್ಚಿ, ಮನೆಗೆ ಹೋಗಿ, ಕಚ್ಚಾ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು, ರಿಕ್ಷಾ ಹಿಡಿದು ಅಪ್ಸರಕೊಂಡಕ್ಕೆ ಹೋದೆ. ಫೋನಿನ ಕಾಟ ಇರುವುದಿಲ್ಲವೆಂದು ಅವನು ಮಧ್ಯಾಹ್ನ ಅಲ್ಲಿ ಕೂತು ಕೊನೆಯ ಪರೀಕ್ಷೆಗೆ ಓದುತ್ತಿದ್ದ.

ಗುಡ್ಡದ ಮೇಲಿನ ಕಲ್ಲುಬೆಂಚಿನಲ್ಲಿ ಹವಾಮಾನದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಎದುರು ನಿಂತು ಬಾಯಿ ತೆರೆದೆ, ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಗಂಡ ಹೆಂಡಿರು ಕ್ಯಾಮೆರಾ ಚಾಚಿದರು.

"ಮೇಡಂ, ಒಂದು ಫೋಟೋ ತೆಗೀರಿ. ಸಮುದ್ರ ಪೂರ್ತಿ ಬರ್ಬೇಕು."

"ಸಮುದ್ರ ಪೂರ್ತಿ ಬಂದ್ರೆ ನೀವು ಬರೂದಿಲ್ಲ" ಎಂದು ರೇಗಿದೆ. ಆದರೂ ತೆಗೆದೆ. ಇನ್ನೊಂದು ಎಂದರು. ಅದನ್ನೂ ತೆಗೆದೆ. ತಮ್ಮ ನಗುತ್ತಿದ್ದ. ಅವರು ಆಚೆ ಹೋದ ಮೇಲೆ ಕಚ್ಚಾ ಪುಸ್ತಕ ತೆರೆದು ಅವನ ಹವಾಮಾನದ ಮೇಲೆ ಇಟ್ಟೆ. ಹನ್ನೊಂದು ಗೆರೆಗಳು.

ಅವನು ಬೆರಳಿಟ್ಟು ಒಂದೊಂದನ್ನೇ ನೋಡಿದ.

"ಇಳಿದ ತಾರೀಕು ಹಾಕ್ದ್ಯಾ?"

"ಹೌದು."

"ಎಂತಕೆ?"

"ನಮ್ಮಲ್ಲಿ ಹಾಂಗೇ ಬರಿಯೂದು. ಹೋದದ್ದು ಬರೀಬಾರ್ದು ಹೇಳಿ."

"ಅದು ತಪ್ಪು ಅಲ್ಲ ಅಕ್ಕಾ. ಗೊತ್ತಿಲ್ದೆ ಆದದ್ದು. ನಾನೂ ನೋಡ್ದೇ ಸಹಿ ಹಾಕಿದ್ದೆ." ಪುಟದಿಂದ ಬೆರಳು ತೆಗೆದು ಕೇಳಿದ, "ಆದ್ರೆ ನಾ ಕೇಳಿದ್ನಲ್ಲಾ. ಕೇಳ್ದಾಗ ಎಂತಕೆ ಹೇಳ್ಲಿಲ್ಲ?"

ನಾನು ಅದನ್ನು ಬಿಟ್ಟು ಗುಮಾಸ್ತನ ಫೋನಿನ ವಿಷಯ ಹೇಳಿದೆ. ಅವನು ಪುಸ್ತಕ ಮುಚ್ಚಿ ಎದ್ದು ನಿಂತ. ರಿಕ್ಷಾದಲ್ಲಿ ಮನೆ ಮುಟ್ಟುವವರೆಗೆ ಕಚ್ಚಾ ಪುಸ್ತಕ ಅವನ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಭಟ್ಕಳಕ್ಕೆ ಹೋದೆವು. ನಮಗೆ ಇಂಗ್ಲಿಷ್ ಕಾಗದ ಟೈಪ್ ಮಾಡಿಕೊಡುತ್ತಿದ್ದವರು ಹೆಬಳೆಯಿಂದ ದಿನವೂ ಪೇಟೆಗೆ ಬರುವ ಒಬ್ಬ ನವಾಯತ ಸಾಹೇಬರು. ಕೊಲ್ಲಿ ದೇಶಗಳಿಗೆ ಹೋಗುವವರ ಅರ್ಜಿ ತುಂಬಿ ತುಂಬಿ ಯಾವ ಕಚೇರಿಗೆ ಯಾವ ಧಾಟಿಯಲ್ಲಿ ಬರೆಯಬೇಕೆಂದು ಅವರಿಗೆ ಬಾಯಿಪಾಠ. ನಾನು ಮೊದಲೇ ಹೇಳಿಬಿಟ್ಟೆ.

"ನನ್ನ ಹೆಸ್ರು ಹಾಕಿ. ನಾ ಬರ್ದದ್ದು, ನಾ ತಪ್ಪಿದ್ದು. ಸಹಿ ನಾ ಹಾಕ್ತೆ."

ಸಾಹೇಬರು ಟೈಪ್ ಮಿಷನ್ನಿನಿಂದ ಕೈ ತೆಗೆದು ಕನ್ನಡಕದ ಮೇಲಿಂದ ನೋಡಿದರು.

"ಅರೆ ಬಾಯೀ, ಇಲ್ಲಿ ಎಂತ ಬರ್ದದೆ ಗೊತ್ತುಂಟಾ? 'ನಾನೇ ಬರೆದು ತಾಳೆ ನೋಡಿದ್ದೇನೆ' ಅಂತ ನಿಮ್ಮ ತಮ್ಮ ಸಹಿ ಮಾಡಿದ್ದಾನೆ. ಈಗ ನೀವು ಬಂದು ನಾ ಬರ್ದದ್ದು ಅಂದ್ರೆ, ತಾರೀಕಿನ ತಪ್ಪು ಹೋಗಿ ಸುಳ್ಳು ಘೋಷಣೆ ಆಗ್ತದೆ. ಲೈಸೆನ್ಸ್ ಬಿಡಿ, ಕೇಸು ಬೀಳ್ತದೆ."

"ಹಂಗಾರೆ?"

"ಹಂಗಾರೆ ತಪ್ಪು ಇವ್ನದ್ದು. ಇವ್ನೇ ಬರ್ದ, ಇವ್ನೇ ತಪ್ಪಿದ. ನೀವು ಅಲ್ಲಿ ಕೂತ್ಕೊಂಡು ಚಾ ಕುಡೀರಿ."

ನಾನು ತಮ್ಮನ ಕಡೆ ನೋಡಿದೆ. ಅವನು ನನ್ನನ್ನು ನೋಡದೆ ಕಚ್ಚಾ ಪುಸ್ತಕದಿಂದ ಓದಿ ಹೇಳತೊಡಗಿದ. ಮೂಲದಲ್ಲಿ ಹದಿನಾಲ್ಕು, ನಕಲಿನಲ್ಲಿ ಹದಿನೈದು. ಮೂಲದಲ್ಲಿ ಮೂವತ್ತೊಂದು, ನಕಲಿನಲ್ಲಿ ಒಂದು. ಸಾಹೇಬರು ಟಕಟಕನೆ ಹೊಡೆದರು. "ನಕಲಿಸುವಾಗ ನಾನು ಹೊರಟ ದಿನಾಂಕದ ಬದಲು ಇಳಿದ ದಿನಾಂಕವನ್ನು ನಮೂದಿಸಿದ್ದೇನೆ. ಘಟಕದ ಪಟ್ಟಿ ಸರಿಯಾಗಿದೆ." ಎರಡನೇ ಕಾಗದ ಘಟಕಕ್ಕೆ, ದೂರು ಹಿಂದೆಗೆದುಕೊಳ್ಳಲು. ಮೂರನೆಯದು ಗುಮಾಸ್ತನಿಗೆ, ಕ್ಷಮೆ ಕೇಳಿ. ಮೂರರಲ್ಲೂ ಅವನೇ "ನಾನು".

ಅಲ್ಲಿಂದ ಕುಮಟಾಕ್ಕೆ, ದೆಹಲಿಗೆ ಹೋಗುವ ಪ್ರಮಾಣ ಪತ್ರಕ್ಕೆ ನೋಟರಿಯ ಸಹಿ ಹಾಕಿಸಲು. ಅಷ್ಟು ದೂರ ಹೋದದ್ದೂ ಒಂದು ಪೀಡೆ. ಹೊನ್ನಾವರದ ನೋಟರಿ ಮದುವೆಗೆ ಹೋಗಿದ್ದರು, ಭಟ್ಕಳದವರ ಮುದ್ರೆಯಲ್ಲಿ ಅಕ್ಷರ ಏಳುತ್ತಿರಲಿಲ್ಲ, ದೆಹಲಿಯವರು ಅದಕ್ಕೂ ಆಕ್ಷೇಪ ಹಾಕುತ್ತಾರೆಂದು ತಮ್ಮನಿಗೆ ಹೆದರಿಕೆ. ಕುಮಟಾದ ನೋಟರಿ ಕಾಗದ ಓದಿ, "ಹದಿನೇಳು ವರ್ಷ ಹಾರಿಸಿದವರಿಗೆ ಎದ್ದದ್ದು ಇಳಿದದ್ದು ಗೊತ್ತಾಗ್ಲಿಲ್ವೇ?" ಎಂದು ನಕ್ಕರು. ತಮ್ಮ "ತಪ್ಪಾಯ್ತು ಸರ್" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಹಾಗೆ ತಲೆ ತಗ್ಗಿಸಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ದೆಹಲಿಯವರಿಗೆ ಕಪಾಟು ತೆರೆದು ಮೂಲ ಪುಸ್ತಕದ ಹನ್ನೊಂದು ಸಾಲು ನೋಡಲು ಮತ್ತೆ ಮೂರು ತಿಂಗಳು ಬೇಕಾಯಿತು. ಕೊನೆಗೆ ಒಪ್ಪಿದರು. ನೂರ ಎಂಟು ಗಂಟೆ ಇಪ್ಪತ್ತೈದು ನಿಮಿಷವೂ ನಿಂತಿತು, ಲೈಸೆನ್ಸ್ ಬಂತು. ಡಿಸೆಂಬರ್ ಮಾತ್ರ ದಾಟಿ ಹೋಗಿತ್ತು. ಕಂಪನಿಯ ಮೊದಲ ತಂಡ ಅವನಿಲ್ಲದೆ ಹೊರಟಿತು. ಎರಡನೇ ತಂಡಕ್ಕೆ ಅವನನ್ನು ತೆಗೆದುಕೊಂಡರು. ವಿಮಾನ ಕಂಪನಿಯಲ್ಲಿ ಮುಂದಿನದೆಲ್ಲ ಸೇರಿದ ಸರದಿಯ ಮೇಲೆ ನಡೆಯುತ್ತದಂತೆ. ಮೊದಲ ತಂಡದಲ್ಲಿ ಹೋದವರು, ಅವರಲ್ಲಿ ಕೆಲವರು ಅವನ ಕೈಯಲ್ಲೇ ಕಲಿತವರು, ನಿವೃತ್ತಿಯವರೆಗೂ ಅವನಿಗಿಂತ ಮೇಲೆ. ಅವನು ಈ ವಿಷಯ ಒಮ್ಮೆ ಮಾತ್ರ, ಅದೂ ನಾನು ಕೇಳಿದ್ದಕ್ಕೆ ಹೇಳಿದ.

ಗುಮಾಸ್ತನ ವಿಚಾರಣೆ ನಿಂತಿತು. ಆದರೆ ಅಷ್ಟರಲ್ಲಿ ದಾಖಲೆಯ ಮೇಜಿಗೆ ಬೇರೆಯವರು ಬಂದಾಗಿತ್ತು. ಅವನನ್ನು ಉಗ್ರಾಣದಿಂದ ವಾಪಸ್ ಕರೆಯಲಿಲ್ಲ. ನಾನು ತಮ್ಮನ ಹತ್ತಿರ ಅವನ ವಿಳಾಸ ಕೇಳಿದೆ.

"ಎಂತಕೆ?"

"ನಾ ಒಂದು ಕಾಗದ ಬರಿತೆ. ಹಿಂದಿಯಲ್ಲಿ ಯಾರ ಹತ್ರ ಆದ್ರೂ ಬರಸ್ತೆ."

"ನಾ ಬರ್ದಾಗದೆ ಅಕ್ಕಾ. ಈಗ ನಿನ್ನ ಕಾಗದ ಹೋದ್ರೆ ನನ್ನ ಪ್ರಮಾಣ ಪತ್ರ ಸುಳ್ಳಾತದೆ." ಆಮೇಲೆ ನನ್ನ ಮುಖ ನೋಡಿ, ಸ್ವಲ್ಪ ಮೆತ್ತಗೆ, "ಬಿಡು" ಎಂದ.

ಬಿಟ್ಟೆ. ವಿಳಾಸ ಇವತ್ತಿಗೂ ನನ್ನ ಹತ್ತಿರ ಇಲ್ಲ. ಈಗ ತಮ್ಮ ಹಾರಿಸುವುದನ್ನು ನಿಲ್ಲಿಸಿದ್ದಾನೆ, ಇದನ್ನೆಲ್ಲ ಬರೆಯುವುದಾದರೆ ಬರಿ ಎಂದು ಅವನೇ ಹೇಳಿದ. ದೆಹಲಿಯ ಕಡತದಲ್ಲಿ, ಘಟಕದ ಕಡತದಲ್ಲಿ, ಕುಮಟಾದ ನೋಟರಿಯ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ನನ್ನ ಹೆಸರು ಸಿಗುವುದಿಲ್ಲ. ಆ ಹನ್ನೊಂದು ಸಾಲು ನಾನು ತಿದ್ದಿದ್ದು. ಕೇಳಿದಾಗ ಇಲ್ಲವೆಂದವಳು ನಾನು. ಫೋನು ಎತ್ತಿಕೊಂಡು, ಹೇಳುತ್ತೇನೆಂದು ಮಾತು ಕೊಟ್ಟು, ಮೂರು ದಿನ ಹೇಳದೆ ಇದ್ದವಳೂ ನಾನು. ಆ ಗುಮಾಸ್ತ ಮೂರು ಸಲ ನೋಡಿ ಬರೆದಿದ್ದ. ಅವನು ಬರೆದದ್ದು ಸರಿ ಇತ್ತು.